ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತಾ? ಹೊಸ ಸವಾರರ ಪ್ರಶ್ನೆ, ತರಬೇತುದಾರನ ಉತ್ತರ

ಬಹಳ ವರ್ಷ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡು, ಆಮೇಲೆ ಬೈಕ್ ಓಡಿಸೋದನ್ನ ಕಲಿಸುವ ಕೆಲಸಕ್ಕೆ ಇಳಿದವನು ನಾನು. ಬ್ರೇಕ್ ಮತ್ತು ಗೇರ್ ಬಗ್ಗೆ ಏನೇ ಅನುಮಾನ ಇದ್ದರೂ ಕೇಳಿ ಅಂದಿದ್ದೆ. ಪ್ರಶ್ನೆಗಳು ಬಂದ ಹಾಗೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಬೈಕ್ ಕಲಿಯೋಕೆ ಶುರು ಮಾಡಿ ಮೂರು ವಾರ ಆಯ್ತು. ಮುಂದಿನ ಬ್ರೇಕ್ ಮುಟ್ಟಲೇಬೇಡ, ಪಲ್ಟಿ ಹೊಡೀತೀಯ ಅಂತ ಅಣ್ಣ ಮೊದಲ ದಿನವೇ ಹೇಳಿಬಿಟ್ಟ. ಅವತ್ತಿಂದ ಬರೀ ಹಿಂದಿನ ಬ್ರೇಕಲ್ಲೇ ನಿಲ್ಲಿಸ್ತಿದೀನಿ. ನಿನ್ನೆ ನಾಯಿ ಅಡ್ಡ ಬಂತು, ಜೋರಾಗಿ ಪೆಡಲ್ ತುಳಿದೆ, ಹಿಂದಿನ ಚಕ್ರ ಕಿರ್ರ್ ಅಂತ ಜಾರಿ ಗಾಡಿ ಓರೆಯಾಗಿ ಹೋಯ್ತು. ಬೀಳಲಿಲ್ಲ, ಆದ್ರೆ ಕೈಕಾಲು ಇನ್ನೂ ನಡುಗ್ತಿದೆ. ಅಣ್ಣ ಹೇಳಿದ್ದು ಸರಿಯಾ?

ಉತ್ತರ: ನಿಮ್ಮಣ್ಣನಿಗೂ ಯಾರೋ ಹಾಗೇ ಹೇಳಿಕೊಟ್ಟಿರ್ತಾರೆ. ನನಗೂ ಹಾಗೇ ಹೇಳಿದ್ದರು. ಮುಂದಿನ ಬ್ರೇಕಿನ ಭಯ ಒಂಥರಾ ಪಿತ್ರಾರ್ಜಿತ ಆಸ್ತಿ.

ಓಡುವ ಬಸ್ಸಿಗೆ ಬ್ರೇಕ್ ಬಿದ್ದಾಗ ನಿಂತವರೆಲ್ಲ ಮುಂದಕ್ಕೆ ವಾಲ್ತಾರಲ್ಲ, ಬೈಕಿನ ಭಾರವೂ ಹಾಗೇ ಮುಂದಿನ ಚಕ್ರದ ಮೇಲೆ ಬೀಳುತ್ತೆ. ಮುಂದಿನ ಟಯರ್ ನೆಲಕ್ಕೆ ಒತ್ತಿಕೊಳ್ಳುತ್ತೆ, ಹಿಂದಿನದು ಹಗುರ ಆಗುತ್ತೆ. ಹಗುರಾದ ಚಕ್ರಕ್ಕೆ ಎಷ್ಟು ಬ್ರೇಕ್ ಹಾಕಿದರೂ ಅದು ಜಾರುತ್ತೇ ಹೊರತು ಗಾಡಿಯನ್ನ ನಿಲ್ಲಿಸಲ್ಲ. ನಿನ್ನೆ ನಿಮಗೆ ಆಗಿದ್ದು ಅದೇ. ಒಣಗಿದ ಒಳ್ಳೆ ರಸ್ತೆಯಲ್ಲಿ ಜೋರಾಗಿ ನಿಲ್ಲಿಸುವಾಗ ಹೆಚ್ಚೂಕಡಿಮೆ ಶೇ 70ರಷ್ಟು, ಕೆಲವು ಸಲ ಅದಕ್ಕೂ ಜಾಸ್ತಿ ಕೆಲಸ ಮಾಡೋದು ಮುಂದಿನ ಬ್ರೇಕೇ. ಮುಂದೆ ದೊಡ್ಡ ಡಿಸ್ಕ್, ಹಿಂದೆ ಸಣ್ಣ ಡಿಸ್ಕೋ ಡ್ರಮ್ಮೋ ಇರೋದು ಅದಕ್ಕೇ.

ಹಾಗಾದರೆ ಜನ ಬೀಳೋದು ಯಾಕೆ? ಬ್ರೇಕ್ ಹಿಡಿದಿದ್ದಕ್ಕಲ್ಲ, ಕಿತ್ತುಕೊಳ್ಳೋ ಹಾಗೆ ಎಳೆದಿದ್ದಕ್ಕೆ. ಭಾರ ಮುಂದಕ್ಕೆ ಬರೋಕೆ ಒಂದು ಕ್ಷಣ ಬೇಕು. ಅಷ್ಟರೊಳಗೆ ಲಿವರ್ ಪೂರ್ತಿ ಎಳೆದರೆ, ಇನ್ನೂ ನೆಲಕ್ಕೆ ಸರಿಯಾಗಿ ಒತ್ತಿಕೊಳ್ಳದ ಟಯರ್ ಲಾಕ್ ಆಗಿ ಜಾರುತ್ತೆ. ಮುಂದಿನ ಚಕ್ರ ಜಾರಿತು ಅಂದ್ರೆ ಗಾಡಿ ಮಲಗೋಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಅದಕ್ಕೇ ನಾನು ಎಲ್ಲರಿಗೂ ಹೇಳೋದು: ಬ್ರೇಕ್ ಲಿವರ್ ಲೈಟಿನ ಸ್ವಿಚ್ ಅಲ್ಲ, ನಲ್ಲಿ. ನೀರು ತುಂಬಿದ ಸ್ಪಂಜನ್ನ ಹಿಂಡುವ ಹಾಗೆ ಹಿಂಡಿ. ಮೊದಲು ಲಿವರಿನ ಸಡಿಲ ಹೋಗುವಷ್ಟು, ಆಮೇಲೆ ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗಿನ ಎರಡು ಕಾಲು) ಕೆಳಗೆ ಕೂರೋದು ಗೊತ್ತಾಗುವಷ್ಟು, ಅದು ಕೂತ ಮೇಲೆ ಬೇಕಾದಷ್ಟು ಗಟ್ಟಿಯಾಗಿ. ಬರೆಯುವಾಗ ಉದ್ದ ಅನಿಸುತ್ತೆ, ಅಭ್ಯಾಸ ಆದವರ ಕೈಯಲ್ಲಿ ಅರ್ಧ ಸೆಕೆಂಡಿನ ಒಳಗಿನ ಕೆಲಸ. ಹಿಂದಿನ ಬ್ರೇಕನ್ನೂ ಜೊತೆಗೇ ಒತ್ತಿ, ಆದರೆ ಮೆಲ್ಲಗೆ.

ಅಣ್ಣನ ಮಾತಲ್ಲಿ ಸತ್ಯ ಇರುವ ಜಾಗವೂ ಇದೆ, ಅನ್ಯಾಯ ಮಾಡೋದು ಬೇಡ. ಹ್ಯಾಂಡಲ್ ತಿರುಗಿಸಿ ನಿಧಾನಕ್ಕೆ ಯೂ-ಟರ್ನ್ ಮಾಡುವಾಗ ಮುಂದಿನ ಬ್ರೇಕ್ ಮುಟ್ಟಿದರೆ ಗಾಡಿ ಆ ಕಡೆಗೇ ಧೊಪ್ಪನೆ ಬೀಳುತ್ತೆ. ಅಲ್ಲಿ ಹಿಂದಿನದೇ ಸರಿ. ಮರಳು, ಜಲ್ಲಿ, ಕೆಸರಿನ ಮೇಲೂ ಮುಂದಿನದನ್ನ ಬೆರಳ ತುದಿಯಲ್ಲಿ ಬಳಸಿ.

ಇನ್ನೊಂದು ಸಲ ಹಿಂದಿನ ಚಕ್ರ ಜಾರಿದರೆ: ಗಾಡಿ ನೇರವಾಗೇ ಹೋಗ್ತಿದ್ದರೆ ಪೆಡಲನ್ನ ಮೆಲ್ಲಗೆ ಸಡಿಲಿಸಿ. ಆಗಲೇ ಓರೆಯಾಗಿದ್ದರೆ ತಟ್ಟನೆ ಬಿಡಬೇಡಿ. ಟಯರ್ ದಿಢೀರನೆ ನೆಲ ಹಿಡಿದು ನಿಮ್ಮನ್ನ ಆಚೆ ಕಡೆಗೆ ಎಸೆಯುತ್ತೆ, ಅದು ಜಾರಿ ಬೀಳೋದಕ್ಕಿಂತ ಕೆಟ್ಟದು. ನಿಲ್ಲುವವರೆಗೂ ಒತ್ತಿಕೊಂಡೇ ಇರಿ. ಮುಂದಿನ ಚಕ್ರ ಲಾಕ್ ಆದರೆ ಮಾತ್ರ ಇದರ ಉಲ್ಟಾ. ತಕ್ಷಣ ಬಿಟ್ಟು, ಮತ್ತೆ ಹಿಂಡಬೇಕು.

ಮರುಪ್ರಶ್ನೆ (ಬೇರೆಯವರು): ನನ್ನ ಗಾಡಿಗೆ ಎಬಿಎಸ್ ಇದೆ. ನಾನು ಇದೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ಎಳೆದುಬಿಟ್ಟರೆ ಆಯ್ತಲ್ಲ?

ಉತ್ತರ: ನೇರ ರಸ್ತೆಯಲ್ಲಿ ತುರ್ತು ಬಂದರೆ ಹೌದು, ಗಟ್ಟಿಯಾಗಿ ಹಿಡಿದು ಬಿಡದೇ ಇರಿ. ಚಕ್ರ ಲಾಕ್ ಆಗುವ ಹಂತಕ್ಕೆ ಬಂದಾಗ ಎಬಿಎಸ್ ಬ್ರೇಕಿನ ಒತ್ತಡವನ್ನ ಬಿಟ್ಟು ಹಿಡಿದು ಮಾಡುತ್ತೆ. ಆಗ ಲಿವರ್ ಅಥವಾ ಪೆಡಲ್ ಟಕಟಕ ಅಂತ ಒದೆಯುತ್ತೆ. ಹೊಸಬರು ಏನೋ ಮುರೀತು ಅಂದ್ಕೊಂಡು ಕೈ ಬಿಟ್ಟುಬಿಡ್ತಾರೆ, ಅದೇ ಎಡವಟ್ಟು. ಖಾಲಿ ಜಾಗದಲ್ಲಿ ಒಮ್ಮೆ ಹಿಂದಿನ ಎಬಿಎಸ್ ಬೇಕಂತಲೇ ಕೆಲಸ ಮಾಡಿಸಿ ಆ ಒದೆತ ಕಾಲಿಗೆ ಪರಿಚಯ ಮಾಡಿಸಿ. ಸಿಂಗಲ್ ಚಾನೆಲ್ ಎಬಿಎಸ್ ಆದರೆ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ ಮಾತ್ರ ಇರುತ್ತೆ, ಹಿಂದಿನದು ಮೊದಲಿನ ಹಾಗೇ ಜಾರುತ್ತೆ. ಗಾಡಿ ತಿರುವಿನಲ್ಲಿ ವಾಲಿದ್ದಾಗ ಸಾಧಾರಣ ಎಬಿಎಸ್ ನಂಬಿ ಬ್ರೇಕ್ ಎಳೆಯಬೇಡಿ. ಬ್ರೇಕ್ ಏನಿದ್ದರೂ ತಿರುವಿಗೆ ಮುಂಚೆ, ಗಾಡಿ ನೆಟ್ಟಗಿದ್ದಾಗಲೇ ಮುಗಿಸಿಕೊಳ್ಳಿ.

ಪ್ರಶ್ನೆ: 60ರಲ್ಲಿ ಹೋಗ್ತಿದ್ದರೆ ನಿಲ್ಲೋಕೆ ಎಷ್ಟು ದೂರ ಬೇಕು? ಅಂದಾಜಾದ್ರೂ ಹೇಳಿ.

ಉತ್ತರ: ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣು ಕಂಡು ಕೈ ಅಲ್ಲಾಡೋಕೆ ಒಂದು ಸೆಕೆಂಡ್ ಅಂತ ಇಟ್ಟುಕೊಂಡರೂ, ಬ್ರೇಕ್ ಮುಟ್ಟುವ ಮೊದಲೇ 17 ಮೀಟರ್ ಹೋಗಿರುತ್ತೆ. ಒಣ ರಸ್ತೆಯಲ್ಲಿ ಎರಡೂ ಬ್ರೇಕ್ ಚೆನ್ನಾಗಿ ಬಳಸಿದರೆ ಆಮೇಲೆ ಇನ್ನೊಂದು 20 ಮೀಟರ್. ಒಟ್ಟು 37. ಅದೇ ಕೈ, ಅದೇ ಬ್ರೇಕು, 30ರ ವೇಗ ಆದರೆ ಬ್ರೇಕ್ ಹಾಕಿದ ಮೇಲೆ ಬೇಕಾಗೋದು ಬರೀ 5 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟು. ಬರೀ ಹಿಂದಿನ ಬ್ರೇಕ್ ಹಾಕುವವರಿಗೆ ಆ 20 ಮೀಟರ್ ಸುಲಭವಾಗಿ ಎರಡರಷ್ಟಾಗುತ್ತೆ. ಮಳೆ ಬಂದು ರಸ್ತೆ ಒದ್ದೆಯಾಗಿದ್ದರೆ ಎಲ್ಲವೂ ಇನ್ನಷ್ಟು ಉದ್ದ. ಆಗ ಮುಂದಿನ ಗಾಡಿಯಿಂದ ದೂರ ಇರಿ, ಬ್ರೇಕ್ ಬೇಗ ಶುರು ಮಾಡಿ, ಬಿಳಿ ಪಟ್ಟೆ ಮತ್ತು ಕಬ್ಬಿಣದ ಮುಚ್ಚಳಗಳ ಮೇಲೆ ಬ್ರೇಕ್ ಬೇಡ.

ಪ್ರಶ್ನೆ: ಸಿಗ್ನಲ್ಲಲ್ಲಿ ನ್ಯೂಟ್ರಲ್ಲೇ ಸಿಗಲ್ಲ ಸರ್! ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಟಕ್ ಟಕ್ ಅಂತ ಕುಣಿಯುತ್ತೆ. ಹಿಂದೆ ನಿಂತವರು ಹಾರ್ನ್ ಹೊಡೀತಾರೆ. ಗೇರ್‌ಬಾಕ್ಸ್ ಹಾಳಾಗಿದೆಯಾ?

ಉತ್ತರ: ಬಹುಶಃ ಇಲ್ಲ. ಇದು ಪ್ರತಿ ಬ್ಯಾಚಿನಲ್ಲೂ ಬರುವ ಪ್ರಶ್ನೆ.

ಈಗಿನ ಬಹುತೇಕ ಬೈಕುಗಳಲ್ಲಿ ಎಡಗಾಲಿನ ಲಿವರ್ ಕೆಳಗೆ ಒತ್ತಿದರೆ ಒಂದು, ಮೇಲೆತ್ತುತ್ತಾ ಹೋದರೆ ಎರಡು, ಮೂರು, ನಾಲ್ಕು, ಐದು. ನ್ಯೂಟ್ರಲ್ ಒಂದಕ್ಕೂ ಎರಡಕ್ಕೂ ನಡುವೆ, ಅರ್ಧ ಹೆಜ್ಜೆಯಲ್ಲಿ ಅಡಗಿ ಕೂತಿರುತ್ತೆ. ಬೇರೆ ಗೇರುಗಳಿಗೆ ಲಿವರನ್ನ ಪೂರ್ತಿ ಒದ್ದು ಕಳಿಸಬೇಕು, ಇದನ್ನ ಮಾತ್ರ ಹೆಬ್ಬೆರಳಲ್ಲಿ ತಟ್ಟಿ ಎಬ್ಬಿಸಬೇಕು. ಬೈಕಿನ ಗೇರುಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ತಿರುಗ್ತಿರುತ್ತವೆ. ನಾವು ಗೇರ್ ಹಾಕಿದಾಗ ಆಗೋದು, ಪಕ್ಕದ ಗೇರಿನ ಗೂಟಗಳು ಜಾರಿಹೋಗಿ ಇದರ ತೂತಿಗೆ ಸಿಕ್ಕಿಕೊಳ್ಳೋದು. ಗಾಡಿ ನಿಂತಾಗ ಗೂಟ ತೂತಿಗೆ ಎದುರಾಗದೆ ಗೋಡೆಗೆ ಎದುರಾಗಿ ನಿಂತುಬಿಡಬಹುದು, ಇಲ್ಲವೇ ಒಳಗೆ ಬಿಗಿಯಾಗಿ ಸಿಕ್ಕಿಕೊಂಡಿರಬಹುದು. ಅದಕ್ಕೇ ನಿಂತ ಗಾಡಿಯಲ್ಲಿ ಗೇರ್ ಮುಷ್ಕರ ಹೂಡೋದು.

ಎರಡು ಉಪಾಯ. ಗಾಡಿ ಪೂರ್ತಿ ನಿಲ್ಲುವ ಮುಂಚೆ, ಇನ್ನೂ ನಡೆದಾಡುವ ವೇಗದಲ್ಲಿ ಉರುಳ್ತಿರುವಾಗಲೇ ನ್ಯೂಟ್ರಲ್ ಹುಡುಕಿ. ನಿಂತೇ ಬಿಟ್ಟಿದ್ದರೆ ಬ್ರೇಕ್ ಹಿಡಿದುಕೊಂಡು ಕ್ಲಚ್ಚನ್ನ ಕೂದಲೆಳೆಯಷ್ಟು ಬಿಡಿ, ಗಾಡಿ ಎಳೆಯೋಕೆ ಶುರು ಮಾಡುವ ಮುಂಚೆ ಮತ್ತೆ ಹಿಡಿದು ಲಿವರ್ ತಟ್ಟಿ. ಒಳಗಿನ ಚಕ್ರಗಳು ಒಂಚೂರು ತಿರುಗಿ ಬಿಗಿ ಬಿಡುತ್ತೆ. ಇಂಜಿನ್ ಆಫ್ ಆಗಿದ್ದರೆ ಗಾಡಿಯನ್ನ ಹಿಂದೆ ಮುಂದೆ ಅಲ್ಲಾಡಿಸಿದರೂ ಅದೇ ಕೆಲಸ ಆಗುತ್ತೆ.

ಇಷ್ಟಾದರೂ ದಿನಾ ಜಗಳ ಅಂದ್ರೆ ಕ್ಲಚ್ ಕೇಬಲ್ ನೋಡಿಸಿ. ಕೇಬಲ್ ಸಡಿಲ ಜಾಸ್ತಿ ಇದ್ದರೆ ಲಿವರ್ ಪೂರ್ತಿ ಹಿಡಿದರೂ ಕ್ಲಚ್ ಪೂರ್ತಿ ಬಿಟ್ಟಿರಲ್ಲ. ತೀರಾ ಬಿಗಿ ಇದ್ದರೆ ಇದರ ಉಲ್ಟಾ ಕಾಯಿಲೆ: ಪ್ಲೇಟುಗಳು ಸದಾ ಜಾರಿ ಬೇಗ ಸವೆಯುತ್ತವೆ. ಗ್ಯಾರೇಜಿಗೆ ಗೇರ್‌ಬಾಕ್ಸ್ ಹೋಗಿದೆ ಅಂತ ಬಂದ ಎಷ್ಟೋ ಗಾಡಿಗಳನ್ನ ನಾನು ಕೇಬಲಿನ ನಟ್ ಎರಡು ಸುತ್ತು ತಿರುಗಿಸಿ ವಾಪಸ್ ಕಳಿಸಿದ್ದೇನೆ.

ಪ್ರಶ್ನೆ: ಯಾವ ವೇಗಕ್ಕೆ ಯಾವ ಗೇರ್? ಒಂದು ಚಾರ್ಟ್ ಹಾಕಿ ಪ್ಲೀಸ್.

ಉತ್ತರ: ಹಾಕಲ್ಲ. ಬೈಕಿಂದ ಬೈಕಿಗೆ ಬದಲಾಗುತ್ತೆ, ನಿಮ್ಮ ಮ್ಯಾನ್ಯುಯಲ್ಲಿನಲ್ಲಿ ನಿಮ್ಮ ಗಾಡಿಯದ್ದು ಇರುತ್ತೆ. ಅದನ್ನ ಒಮ್ಮೆ ನೋಡಿ ಮರೆತುಬಿಡಿ, ಕಿವಿ ಬಳಸಿ. ಥ್ರಾಟಲ್ ತಿರುಗಿಸಿದರೂ ಗಾಡಿ ಗುಡುಗುಡು ಅಂತ ನಡುಗಿ, ಎಳೆಯೋಕೆ ಒದ್ದಾಡಿದರೆ ಗೇರ್ ದೊಡ್ಡದಾಯ್ತು, ಇಳಿಸಿ. ಇಂಜಿನ್ ಚೀರಾಡ್ತಾ ವೇಗ ಮಾತ್ರ ಏರದಿದ್ದರೆ ಏರಿಸಿ. ಸ್ಪೀಡೋಮೀಟರ್ ನೋಡಿ ಗೇರ್ ಹಾಕುವವರು ರಸ್ತೆ ನೋಡೋದು ಬಿಡ್ತಾರೆ.

ಪ್ರಶ್ನೆ: ಗೇರ್ ಏರಿಸುವಾಗ ಚೆನ್ನಾಗೇ ಹೋಗುತ್ತೆ. ಇಳಿಸಿದಾಗ ಮಾತ್ರ ಗಾಡಿ ಜಗ್ಗುತ್ತೆ, ಹಿಂದೆ ಕೂತ ಅಮ್ಮ ಬೆನ್ನಿಗೆ ಬಂದು ಗುದ್ದುತ್ತಾರೆ.

ಉತ್ತರ: ಅಮ್ಮನ ತಪ್ಪಿಲ್ಲ. ಅದೇ ವೇಗದಲ್ಲಿ ಕೆಳಗಿನ ಗೇರಿನಲ್ಲಿ ಇಂಜಿನ್ ಇನ್ನೂ ಜೋರಾಗಿ ತಿರುಗಬೇಕು. ಆದರೆ ನೀವು ಕ್ಲಚ್ ಹಿಡಿದು ಥ್ರಾಟಲ್ ಮುಚ್ಚಿದಾಗ ಅದು ನಿಧಾನ ಆಗಿರುತ್ತೆ. ಕ್ಲಚ್ ಫಟ್ಟನೆ ಬಿಟ್ಟರೆ ಹಿಂದಿನ ಚಕ್ರವೇ ಇಂಜಿನ್ನನ್ನ ಎಳೆದು ಓಡಿಸಬೇಕಾಗುತ್ತೆ. ಅದೇ ಜಗ್ಗು. ಒದ್ದೆ ರಸ್ತೆಯಲ್ಲಿ ಚಕ್ರ ಜಾರಲೂಬಹುದು.

ಕ್ಲಚ್ ಕೂಡ ಸ್ವಿಚ್ ಅಲ್ಲ. ಲಿವರ್ ಬಿಡ್ತಾ ಬಂದಾಗ ಒಂದು ಜಾಗದಲ್ಲಿ ಇಂಜಿನ್ ದನಿ ತಗ್ಗಿ ಗಾಡಿ ಎಳೆಯೋಕೆ ಶುರು ಮಾಡುತ್ತೆ, ಆ ಹಿಡಿತದ ಜಾಗದಲ್ಲಿ ಒಂದು ಕ್ಷಣ ನಿಂತು ಆಮೇಲೆ ಪೂರ್ತಿ ಬಿಡಿ. ಮೊದಲು ಬ್ರೇಕಿನಿಂದ ವೇಗ ತಗ್ಗಿಸಿ, ನಂತರ ಒಂದೊಂದೇ ಗೇರ್ ಇಳಿಸಿ. ಇದು ಕೈಗೆ ಹತ್ತಿದ ಮೇಲೆ, ಕ್ಲಚ್ ಹಿಡಿದಿರುವಾಗ ಥ್ರಾಟಲ್ಲನ್ನ ಚೂರೇ ಚೂರು ತಿರುಗಿಸಿ ಇಂಜಿನ್ ದನಿ ಏರಿಸಿ ಬಿಟ್ಟು ನೋಡಿ, ಗೇರ್ ಬಿದ್ದಿದ್ದೇ ಅಮ್ಮನಿಗೆ ಗೊತ್ತಾಗಲ್ಲ. ಆದರೆ ಅದನ್ನ ಮೊದಲ ತಿಂಗಳು ಮಾಡಬೇಡಿ. ಬ್ರೇಕ್ ಹಿಡಿದ ಕೈಯಲ್ಲೇ ಥ್ರಾಟಲ್ಲೂ ಇರೋದು, ಗೊಂದಲ ಆಗುತ್ತೆ.

ಪ್ರಶ್ನೆ: ನಿಲ್ಲಿಸುವಾಗ ಮೊದಲು ಕ್ಲಚ್ಚೋ ಬ್ರೇಕೋ? ನಮ್ಮ ಮನೆಯಲ್ಲಿ ಎರಡು ಪಕ್ಷ ಇದೆ.

ಉತ್ತರ: ಸಾಧಾರಣವಾಗಿ ನಿಲ್ಲುವಾಗ ಥ್ರಾಟಲ್ ಮುಚ್ಚಿ, ಬ್ರೇಕ್ ಹಿಡಿಯಿರಿ, ಗೇರ್ ಇಳಿಸ್ತಾ ಬನ್ನಿ, ಇಂಜಿನ್ ನಡುಗುವ ಹಂತಕ್ಕೆ ಬಂದಾಗ ಕ್ಲಚ್. ಮೊದಲೇ ಕ್ಲಚ್ ಹಿಡಿದರೆ ಇಂಜಿನ್ನೇ ಪುಕ್ಕಟೆ ಕೊಡ್ತಿದ್ದ ಬ್ರೇಕನ್ನ ನೀವೇ ಕಳೆದುಕೊಳ್ಳುತ್ತೀರಿ. ತುರ್ತಿನಲ್ಲಿ ಮಾತ್ರ ಎಲ್ಲಾ ಒಟ್ಟಿಗೆ: ಎರಡೂ ಬ್ರೇಕ್, ಕ್ಲಚ್, ಎಲ್ಲವೂ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ಗೆ ಹಾಕಿ ಬಿಡುವವರಿಗೂ ಇಲ್ಲೇ ಹೇಳಿಬಿಡ್ತೀನಿ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒಂದರಿಂದಲೇ ತಡೆದರೆ ಅದು ಕಾದು ಕಾದು ಕೊನೆಗೆ ಹಿಡಿತ ಕಳೆದುಕೊಳ್ಳುತ್ತೆ. ಕೆಳಗಿನ ಗೇರ್ ಹಾಕಿ, ಇಂಜಿನ್ ತಡೆಯಲಿ.

ಪ್ರಶ್ನೆ: ಏರಿನಲ್ಲಿ ನಿಂತರೆ ಹಿಂದಕ್ಕೆ ಜಾರುತ್ತೆ, ಹೊರಟರೆ ಆಫ್ ಆಗುತ್ತೆ.

ಉತ್ತರ: ಬಲಗಾಲಲ್ಲಿ ಹಿಂದಿನ ಬ್ರೇಕ್ ಒತ್ತಿ ಹಿಡಿಯಿರಿ, ಬಲಗೈ ಥ್ರಾಟಲ್‌ಗೆ ಪೂರ್ತಿ ಖಾಲಿ. ಸ್ವಲ್ಪ ಥ್ರಾಟಲ್ ಕೊಟ್ಟು ಕ್ಲಚ್ಚನ್ನ ಹಿಡಿತದ ಜಾಗಕ್ಕೆ ತನ್ನಿ, ಗಾಡಿ ಮುಂದಕ್ಕೆ ತಳ್ಳುತ್ತಿದೆ ಅನಿಸಿದಾಗ ಬ್ರೇಕ್ ಬಿಡಿ.

ಪ್ರಶ್ನೆ: ಮುಂದಿನ ಬ್ರೇಕ್ ಲಿವರ್ ಮೆತ್ತಗಾಗಿದೆ, ಹ್ಯಾಂಡಲ್ ಹತ್ತಿರದವರೆಗೂ ಬರುತ್ತೆ. ಆಯಿಲ್ ಡಬ್ಬಿಯಲ್ಲೂ ಮಟ್ಟ ಇಳಿದಿದೆ. ಸ್ವಲ್ಪ ಸುರಿದರೆ ಸಾಕಾ?

ಉತ್ತರ: ಸುರಿಯೋಕೆ ಮುಂಚೆ ಬ್ರೇಕ್ ಪ್ಯಾಡ್ ನೋಡಿ. ಪ್ಯಾಡ್ ಸವೆದಷ್ಟೂ ಮಟ್ಟ ತಾನಾಗೇ ಇಳಿಯುತ್ತೆ. ಪ್ಯಾಡ್ ದಪ್ಪ ಇದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರ್ತಿದೆ. ಮೆತ್ತಗಾಗೋಕೆ ಸಾಮಾನ್ಯ ಕಾರಣ ಪೈಪಿನೊಳಗೆ ಸೇರಿದ ಗಾಳಿ, ಅದನ್ನ ಬ್ಲೀಡ್ ಮಾಡಿ ತೆಗೆಯಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ, ಹೀರಿದಷ್ಟೂ ಬೇಗ ಕುದಿಯುತ್ತೆ, ಕುದಿದರೆ ಲಿವರ್ ಟುಸ್ಸ್. ಹೆಚ್ಚಿನ ತಯಾರಕರು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು ಅದಕ್ಕೇ. ಮುಚ್ಚಳದ ಮೇಲೆ ಡಾಟ್ 3, ಡಾಟ್ 4 ಅಂತ ಏನು ಬರೆದಿದೆಯೋ ಅದೇ ಹಾಕಿ. ಡಾಟ್ 5 ಸಿಲಿಕೋನಿನದು, ಇವುಗಳ ಜೊತೆ ಬೆರೆಸಲೇಬಾರದು. ಇದನ್ನ ಸರಿ ಮಾಡಿಸುವವರೆಗೆ ಗಾಡಿ ಓಡಿಸಬೇಡಿ.

ಪ್ರಶ್ನೆ: ಮನೆಯಲ್ಲಿ ಕಾರಿನ ಇಂಜಿನ್ ಆಯಿಲ್ ಉಳಿದಿದೆ, ಬೈಕಿಗೆ ಹಾಕಬಹುದಾ?

ಉತ್ತರ: ಬೇಡ. ಬಹುತೇಕ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳೂ ಗೇರುಗಳೂ ಅದೇ ಇಂಜಿನ್ ಆಯಿಲ್ಲಿನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲ್ಲಿನಲ್ಲಿ ಘರ್ಷಣೆ ಕಡಿಮೆ ಮಾಡುವ ಪದಾರ್ಥ ಸೇರಿಸಿದ್ದರೆ ಕ್ಲಚ್ ಜಾರುತ್ತೆ. ಡಬ್ಬಿ ಮೇಲೆ ಜಾಸೋ ಎಂಎ (JASO MA, ಇಂಥ ಕ್ಲಚ್ಚಿಗೆ ಹೊಂದುವ ಬೈಕ್ ಆಯಿಲ್ಲಿನ ಗುರುತು) ಅಂತ ಇದೆಯಾ ನೋಡಿ ತಗೊಳ್ಳಿ.

ಮೊದಲ ಪ್ರಶ್ನೆ ಕೇಳಿದವರಿಂದ: ಸರ್, ಇವತ್ತು ಖಾಲಿ ಮೈದಾನದಲ್ಲಿ 20, ಆಮೇಲೆ 30ರಲ್ಲಿ ನೀವು ಹೇಳಿದ ಹಾಗೆ ಹಿಂಡಿ ನೋಡಿದೆ. ಫೋರ್ಕ್ ಕೂರೋದು ನಿಜವಾಗ್ಲೂ ಕೈಗೆ ಗೊತ್ತಾಗುತ್ತೆ! ಪಲ್ಟಿ ಆಗಲಿಲ್ಲ. ಆದ್ರೆ ನಿಂತ ಮೇಲೆ ಒಂದು ಸಲ ಬಲಗಡೆಗೆ ವಾಲಿ ಬಿದ್ದೆ. ಯಾವ ಕಾಲು ಇಡಬೇಕು?

ಉತ್ತರ: ಎಡಗಾಲು. ಬಲಗಾಲು ಹಿಂದಿನ ಬ್ರೇಕಿನ ಮೇಲೇ ಇರಲಿ. ಒಂದನೇ ಗೇರಿಗೆ ಇಳಿಸೋದನ್ನ ನಿಲ್ಲುವ ಮುಂಚೆಯೇ ಮುಗಿಸಿ, ಆಗ ಎಡಗಾಲಿಗೆ ಬೇರೆ ಕೆಲಸ ಇರಲ್ಲ. ಹ್ಯಾಂಡಲ್ ನೇರ ಇರಬೇಕು, ಕಣ್ಣು ದೂರಕ್ಕೆ ಇರಬೇಕು. ಕೊನೆಯ ಒಂದು ಮೀಟರಿನಲ್ಲಿ ಮುಂದಿನ ಬ್ರೇಕ್ ಸ್ವಲ್ಪ ಸಡಿಲಿಸಿ, ಒತ್ತಿ ಕೂತ ಫೋರ್ಕ್ ಹಿಂದಕ್ಕೆ ಜಿಗಿದು ನಿಮ್ಮನ್ನ ಅಲ್ಲಾಡಿಸಲ್ಲ. ನಾಳೆ ಅದೇ ಮೈದಾನದಲ್ಲಿ ಇದನ್ನೇ ಹತ್ತು ಸಲ ಮಾಡಿ, ಆಮೇಲೆ 40. ಲಿವರ್ ಬಾಗಿದೆಯಾ ನೋಡಿಕೊಂಡು ಹೊರಡಿ. ಆಗೋದಾದರೆ ಅಣ್ಣನನ್ನೂ ಕರೆದುಕೊಂಡು ಹೋಗಿ.