ಲಿಂಕರ್ ಉದ್ದ ಮಾಡಿದ್ರೂ ಡೊಮೇನ್ ಅಂಟಿಕೊಳ್ತಿವೆ, ತಲೆ ಕೆಟ್ಟಿದೆ

ತೊಗರಿಹೊಲ, ಕಲಬುರಗಿ:
ಮೂರು ವಾರದಿಂದ ಇದೇ ಗೋಳು. ಕಂಪ್ಯೂಟರ್‌ನಲ್ಲಿ ಒಂದು ಪ್ರೋಟೀನ್ ಅಣು ಹೇಗೆ ಅಲುಗಾಡುತ್ತೆ ಅಂತ ಸಿಮ್ಯುಲೇಶನ್ ಓಡಿಸ್ತಿದೀನಿ. ಅದರಲ್ಲಿ ಎರಡು ಡೊಮೇನ್ (ಮಡಚಿಕೊಂಡ ಭಾಗಗಳು), ನಡುವೆ ಎರಡನ್ನೂ ಜೋಡಿಸೋ ಬಳುಕುವ ಸರಪಳಿ, ಗ್ಲೈಸಿನ್-ಸೆರಿನ್ ಲಿಂಕರ್. 10 ಅಮೈನೋ ಆಮ್ಲ ಇದ್ದಾಗ ಎರಡೂ ದೂರ ಇದ್ದವು. 20 ಮಾಡಿದೆ, 60 ನ್ಯಾನೋಸೆಕೆಂಡ್ ಹೊತ್ತಿಗೆ ಅಂಟಿಕೊಂಡವು. ಮಿನ್‌ಡಿಸ್ಟ್ ಗ್ರಾಫ್ (ಎರಡರ ನಡುವಿನ ಕನಿಷ್ಠ ದೂರ) 0.3 ನ್ಯಾನೋಮೀಟರ್‌ಗೆ ಬಿದ್ದು ಅಲ್ಲೇ ಮಲಗಿದೆ. ಸಾಫ್ಟ್‌ವೇರ್ ಗ್ರೋಮ್ಯಾಕ್ಸ್, ಎಲ್ಲಾ ಮಾಮೂಲಿ ಸೆಟ್ಟಿಂಗ್. ಸೋಮವಾರ ಗೈಡ್‌ಗೆ ತೋರಿಸಬೇಕು.

ಬೀದರ್‌ಕೋಟೆ:
ಮಾಮೂಲಿ ಅಂದ್ರೆ ಯಾವುದ್ರೀ? ಟಿಪ್3ಪಿ ಅನ್ನೋ ನೀರಿನ ಮಾದರಿ ಹಾಕಿರ್ತೀರಿ. ಅದರಲ್ಲಿ ಮಡಚಿಕೊಳ್ಳದ ಸರಪಳಿ ನಿಜಕ್ಕಿಂತ ಜಾಸ್ತಿ ಮುದುಡುತ್ತೆ. ಅದಕ್ಕೇ ಅಲ್ವಾ 2015ರಲ್ಲಿ ಟಿಪ್4ಪಿ-ಡಿ ಬಂದಿದ್ದು? ನೀರು ಬದಲಾಯಿಸಿ.

ತೊಗರಿಹೊಲ:
ಪರಮಾಣುಗಳ ನಡುವಿನ ಬಲದ ಲೆಕ್ಕಕ್ಕೆ ಚಾರ್ಮ್36ಎಂ, ನೀರಿಗೆ ಟಿಪ್3ಪಿ. 10ಕ್ಕೂ ಅದೇ ನೀರು ಇತ್ತಲ್ಲ ಸರ್?

ಬೀದರ್‌ಕೋಟೆ:
ಸಣ್ಣ ಲಿಂಕರ್‌ನಲ್ಲಿ ಗೊತ್ತಾಗಲ್ಲ. ನೀರೇ.

ರಾತ್ರಿಪಾಳಿ, ಯಾದಗಿರಿ:
ಕರೆಂಟ್ ಹೋಗಿ ಮಧ್ಯೆ ನಿಂತಿತ್ತಾ? ನಾನು 3060 ಗ್ರಾಫಿಕ್ಸ್ ಕಾರ್ಡಿಗೆ ಎರಡು ಬ್ಯಾಟರಿ ಇನ್ವರ್ಟರ್ ಹಾಕಿದೀನಿ, ಪಕ್ಕದಲ್ಲೇ ಕೂಲರ್. ಮೇ ತಿಂಗಳಲ್ಲೂ 70 ಡಿಗ್ರಿ ದಾಟಿಲ್ಲ.

ಬೀದರ್‌ಕೋಟೆ:
ಕೂಲರ್ ತೇವ ಬೋರ್ಡಿಗೆ ಒಳ್ಳೇದಲ್ಲ ಮಾರಾಯ. ಕರೆಂಟ್ ಹೋದ್ರೇನು, ಗ್ರೋಮ್ಯಾಕ್ಸ್ 15 ನಿಮಿಷಕ್ಕೊಂದು ಚೆಕ್‌ಪಾಯಿಂಟ್ ಬರೆಯುತ್ತೆ, ಅಲ್ಲಿಂದಲೇ ಮುಂದುವರಿಸಬಹುದು.

ರಾತ್ರಿಪಾಳಿ:
ತೇವ ಇಲ್ಲ, ಮೂರು ಬೇಸಿಗೆ ಆಯ್ತು.

ಹಳೇಬಸ್‌ಸ್ಟ್ಯಾಂಡ್:
ಪ್ರೋಟೀನ್, ನೀರು ತುಂಬಿರೋ ಬಾಕ್ಸ್ ಎಷ್ಟು ದೊಡ್ಡದು?

ತೊಗರಿಹೊಲ:
ಹಳೇದೇ. 9 ನ್ಯಾನೋಮೀಟರ್ ಕ್ಯೂಬ್.

ಹಳೇಬಸ್‌ಸ್ಟ್ಯಾಂಡ್:
ಇದನ್ನ ಮೊದಲೇ ಹೇಳಬಾರದಾ ತಮ್ಮಾ! 20 ಅಂದ್ರೆ, ಒಂದಕ್ಕೆ 0.38ರಂತೆ ಪೂರ್ತಿ ಚಾಚಿದಾಗ 7.6 ನ್ಯಾನೋಮೀಟರ್. ಅಷ್ಟು ಚಾಚೋದು ಅಪರೂಪ, ತುದಿಯಿಂದ ತುದಿಗೆ ಸಾಮಾನ್ಯವಾಗಿ 2.5ರ ಆಸುಪಾಸು. ಆದ್ರೆ ಎರಡು ಡೊಮೇನ್ ದಪ್ಪನೂ ಸೇರಿಸು. ಸಿಮ್ಯುಲೇಶನ್‌ನಲ್ಲಿ ಬಾಕ್ಸಿನ ಸುತ್ತಲೂ ಅದೇ ಬಾಕ್ಸಿನ ಪ್ರತಿಗಳು ಇರ್ತವೆ. ಒಂದು ಸಲ ಆಚೆ ಬಾಕ್ಸಿನ ಪ್ರತಿಗೆ ತಾಗಿದ್ರೆ ಸಾಕು, ಕಚ್ಚಿಕೊಳ್ಳುತ್ತೆ. ಮಿನ್‌ಡಿಸ್ಟ್ ಆ ಪ್ರತಿಯ ದೂರಾನೂ ಲೆಕ್ಕಕ್ಕೆ ತಗೊಳ್ಳುತ್ತೆ. ಎಮ್ಮೆ ಹಗ್ಗ ಉದ್ದ ಬಿಟ್ಟು, ಪಕ್ಕದವರ ತೊಗರಿ ಮೇಯ್ತು ಅಂತ ಅತ್ತರೆ ಹೇಗೆ? ಲಿಂಕರ್ ಉದ್ದ ಆದ್ರೆ ಸುತ್ತಾಡೋ ಜಾಗ ದೊಡ್ಡದು, ಎದುರುಬದುರಾಗೋದು ಕಡಿಮೆ ಆಗಬೇಕಿತ್ತು. ನಿನ್ನದು ಉಲ್ಟಾ ಆದಾಗಲೇ ಅನುಮಾನ ಬಂತು. ಮಿನ್‌ಡಿಸ್ಟ್‌ಗೆ -ಪಿಐ ಹಾಕಿ ನೋಡು, ಅಣುವಿಗೂ ಅದರದೇ ಪ್ರತಿಗೂ ಇರೋ ದೂರ ತೋರಿಸುತ್ತೆ.

ತೊಗರಿಹೊಲ:
58ನೇ ನ್ಯಾನೋಸೆಕೆಂಡ್‌ನಲ್ಲಿ 0.28. ನಂದೇ ಪ್ರತಿ ನನ್ನನ್ನೇ ಹಿಡ್ಕೊಂಡಿದೆ. ಮೂರು ವಾರ ಹೋಯ್ತು. ಬಾಕ್ಸನ್ನ 14 ನ್ಯಾನೋಮೀಟರ್‌ನ ಡೋಡೆಕಾಹೆಡ್ರನ್ (ಹನ್ನೆರಡು ಮುಖದ ಆಕಾರ) ಮಾಡಿದೆ, 73 ಸಾವಿರ ಇದ್ದ ಪರಮಾಣು 1.9 ಲಕ್ಷ ಆಯ್ತು. ಸೋಮವಾರಕ್ಕೆ ಮುಗಿಯಲ್ಲ.

ಬೀದರ್‌ಕೋಟೆ:
ಹೇಗೂ ಮತ್ತೆ ಓಡಿಸ್ತೀರಲ್ಲ, ನೀರೂ ಬದಲಾಯಿಸಿ.

ರಾತ್ರಿಪಾಳಿ:
ಬ್ಯಾಟರಿ ಬೇಕಿದ್ರೆ ಹೇಳಿ, ನಂದು ಒಂದು ಖಾಲಿ ಇದೆ.