ಸಾಮಾನ್ಯ ಸಾಪೇಕ್ಷತೆಯನ್ನು ಸ್ವಂತವಾಗಿ ಕಲಿಯುವವರು ಗಣಿತದಿಂದಲೇ ಆರಂಭಿಸಬೇಕೇ?

ಧಾರವಾಡದ ವಿದ್ಯಾರ್ಥಿ:
ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಶಕ್ತಿಗಳಿಂದ ಚಲನೆಯ ಸಮೀಕರಣಗಳನ್ನು ಪಡೆಯುವ ಲಗ್ರಾಂಜಿಯನ್ ವಿಧಾನ, ವಿದ್ಯುತ್ಕಾಂತತೆ, ವಿಶೇಷ ಸಾಪೇಕ್ಷತೆ ಇವಿಷ್ಟನ್ನು ತರಗತಿಯಲ್ಲಿ ಕಲಿತಿದ್ದೇನೆ. ಸಾಮಾನ್ಯ ಸಾಪೇಕ್ಷತೆಯನ್ನು, ಅಂದರೆ ಐನ್‌ಸ್ಟೀನರ ಗುರುತ್ವ ಸಿದ್ಧಾಂತವನ್ನು, ಸ್ವಂತವಾಗಿ ಓದಲು ಹಿಡಿದು ಮೂರು ತಿಂಗಳಾಯಿತು. ಬಾಗಿದ ಜಾಗದಲ್ಲಿ ಸದಿಶಗಳ ಬದಲಾವಣೆಯನ್ನು ಅಳೆಯುವ ಕೋವೇರಿಯಂಟ್ ಡೆರಿವೇಟಿವ್ ಬಳಿ ಬಂದು ನಿಂತಿದ್ದೇನೆ. ಸೂಚ್ಯಂಕಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸಲು ಬರುತ್ತದೆ, ಆದರೆ ಸರಿಸಿದ್ದರಿಂದ ಏನಾಯಿತೆಂದು ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ. ನಾಲ್ಕು ಆಯಾಮಗಳಲ್ಲಿ ಆ ಡೆರಿವೇಟಿವ್‌ಗೆ ಬೇಕಾದ ಸಹಗುಣಕಗಳಾದ ಕ್ರಿಸ್ಟೊಫೆಲ್ ಸಂಕೇತಗಳೇ 40 ಎಂದು ಎಣಿಸಿ ಪುಸ್ತಕ ಮುಚ್ಚಿಟ್ಟದ್ದೂ ಉಂಟು. ಒಂದು ವರ್ಷ ಬಾಗಿದ ಮೇಲ್ಮೈಗಳ ಗಣಿತವಾದ ಡಿಫರೆನ್ಷಿಯಲ್ ಜಾಮೆಟ್ರಿಯನ್ನಷ್ಟೇ ಓದಿ ಆಮೇಲೆ ಇತ್ತ ಬರುವುದು ಒಳ್ಳೆಯದೇ? ಬಲ್ಲವರು ತಿಳಿಸಬೇಕು.

ಗದಗಿನ ಅಧ್ಯಾಪಕ:
ಗಣಿತಕ್ಕೆಂದು ಒಂದು ವರ್ಷ ತೆಗೆದಿಟ್ಟವರಲ್ಲಿ ಮರಳಿ ಭೌತಶಾಸ್ತ್ರಕ್ಕೆ ಬಂದವರನ್ನು ನಾನು ಕಂಡದ್ದು ಕಡಿಮೆ. ನಾಲ್ಕು ಆಯಾಮಗಳನ್ನು ಸದ್ಯಕ್ಕೆ ಬಿಟ್ಟು ಗೋಳದ ಮೇಲ್ಮೈಯನ್ನು ಹಿಡಿಯಿರಿ. ಅಲ್ಲಿ ಮೆಟ್ರಿಕ್ಕಿನಲ್ಲಿ, ಅಂದರೆ ದೂರವನ್ನು ಅಳೆಯುವ ಸೂತ್ರದಲ್ಲಿ, ಎರಡೇ ಪದಗಳಿವೆ. ಸೊನ್ನೆಯಲ್ಲದ ಕ್ರಿಸ್ಟೊಫೆಲ್ ಸಂಕೇತಗಳ ಬೆಲೆಗಳೂ ಎರಡೇ, ಒಂದು ಋಣ ಸೈನ್ ಥೀಟಾ ಕೊಸೈನ್ ಥೀಟಾ, ಇನ್ನೊಂದು ಕೊಟ್ಯಾಂಜೆಂಟ್ ಥೀಟಾ (ಥೀಟಾ ಎಂದರೆ ಧ್ರುವದಿಂದ ಅಳೆದ ಕೋನ). ಇವನ್ನು ಮೆಟ್ರಿಕ್ಕಿನ ಉದ್ದನೆಯ ಸೂತ್ರದಿಂದ ತೆಗೆಯಬೇಡಿ. ಗೋಳದ ಮೇಲೆ ಚಲಿಸುವ ಕಣದ ಲಗ್ರಾಂಜಿಯನ್ ಬರೆದು ಆಯ್ಲರ್–ಲಗ್ರಾಂಜ್ ಸಮೀಕರಣಗಳನ್ನು ಪಡೆದರೆ, ವೇಗಗಳ ಗುಣಲಬ್ಧದ ಮುಂದೆ ಕುಳಿತಿರುವ ಸಹಗುಣಕಗಳೇ ಈ ಸಂಕೇತಗಳೆಂಬುದು ಕಣ್ಣಿಗೆ ಕಾಣುತ್ತದೆ. ಎರಡನೆಯದರ ಮುಂದೆ 2 ಏಕೆ ಬರುತ್ತದೆಂದು ನೀವೇ ಯೋಚಿಸಿ.

ಬಳಿಕ ನಿಮ್ಮ ಧಾರವಾಡದ ಅಕ್ಷಾಂಶವನ್ನೇ ತೆಗೆದುಕೊಳ್ಳಿ. ಅದು ಸುಮಾರು 15.5 ಡಿಗ್ರಿ. ಉತ್ತರಕ್ಕೆ ಮುಖಮಾಡಿದ ಬಾಣವೊಂದನ್ನು ಎಲ್ಲಿಯೂ ತಿರುಗಿಸದೆ, ಅಂದರೆ ಕೋವೇರಿಯಂಟ್ ಡೆರಿವೇಟಿವ್ ಸೊನ್ನೆಯಾಗಿಯೇ ಇರುವಂತೆ, ಅದೇ ಅಕ್ಷಾಂಶದ ಗುಂಟ ಪೂರ್ವಕ್ಕೆ ಒಯ್ಯುತ್ತ ಭೂಮಿಯನ್ನು ಒಂದು ಸುತ್ತು ಹಾಕಿ ಮರಳಿ ಧಾರವಾಡಕ್ಕೆ ತನ್ನಿ. ಈಗ ಬಾಣದ ಮುಖ ಎತ್ತ ಇದೆ? ಉತ್ತರವನ್ನು ನಾನು ಹೇಳುವುದಿಲ್ಲ, ಉತ್ತರಕ್ಕಂತೂ ಅಲ್ಲ.

ಇದರ ಜೊತೆಜೊತೆಗೇ ಸಮಾನತಾ ತತ್ವವನ್ನು, ಅಂದರೆ ಸಣ್ಣ ಜಾಗದಲ್ಲಿ ಗುರುತ್ವವನ್ನೂ ವೇಗೋತ್ಕರ್ಷವನ್ನೂ ಬೇರ್ಪಡಿಸಲಾಗದೆಂಬ ತತ್ವವನ್ನು, ಅಂಕಿಗಳಲ್ಲಿ ನೋಡಿ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 700 ಮೀಟರಿಗೂ ಎತ್ತರದಲ್ಲಿದೆ. ಗುರುತ್ವ ವೇಗೋತ್ಕರ್ಷವನ್ನು ಎತ್ತರದಿಂದ ಗುಣಿಸಿ ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ, ಕಾರವಾರದ ಕಡಲದಂಡೆಯ ಗಡಿಯಾರಕ್ಕಿಂತ ನಿಮ್ಮ ಗಡಿಯಾರ ದಿನಕ್ಕೆ ಆರೇಳು ನ್ಯಾನೋಸೆಕೆಂಡಿನಷ್ಟು ಮುಂದೆ ಓಡುತ್ತದೆಂದು ತಿಳಿಯುತ್ತದೆ. ಇದೇ ಲೆಕ್ಕವನ್ನು ಭೌತವಿಜ್ಞಾನಿಗಳಾದ ಪೌಂಡ್ ಮತ್ತು ರೆಬ್ಕಾ 1960ರ ಹೊತ್ತಿಗೆ ಹಾರ್ವರ್ಡಿನಲ್ಲಿ ಕೇವಲ 22.5 ಮೀಟರ್ ಎತ್ತರದಲ್ಲಿ ಪರೀಕ್ಷಿಸಿದ್ದರು. ಇದಾದ ಮೇಲೆ ನೇರವಾಗಿ ಸೂರ್ಯನಂಥ ಗೋಳಾಕಾರದ ಕಾಯದ ಹೊರಗಿನ ಗುರುತ್ವವನ್ನು ಹೇಳುವ ಶ್ವಾರ್ಜ್‌ಶೀಲ್ಡ್ ಮೆಟ್ರಿಕ್ಕಿಗೆ ಹೋಗಿ, ಬುಧಗ್ರಹದ ಕಕ್ಷೆಯ ಪುರರವಿ ಬಿಂದು (ಸೂರ್ಯನಿಗೆ ಅತಿ ಹತ್ತಿರದ ಬಿಂದು) ಶತಮಾನಕ್ಕೆ 43 ಆರ್ಕ್‌ಸೆಕೆಂಡ್ ಹೆಚ್ಚುವರಿಯಾಗಿ ಸರಿಯುವುದನ್ನು ನಿಮ್ಮ ಕೈಯಾರೆ ಲೆಕ್ಕಹಾಕಿ. ಅಲ್ಲಿಯವರೆಗೆ ದ್ರವ್ಯಕ್ಕೂ ವಕ್ರತೆಗೂ ನಂಟು ಹೇಳುವ ಕ್ಷೇತ್ರ ಸಮೀಕರಣಗಳ ಗೋಜಿಗೆ ಹೋಗಬೇಡಿ.

ಹುಬ್ಬಳ್ಳಿಯ ಓದುಗ:
ಅಧ್ಯಾಪಕರ ಮಾತನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಮೆಟ್ರಿಕ್ಕನ್ನು ಸಿದ್ಧ ರೂಪದಲ್ಲಿ ಕೈಗಿಟ್ಟರೆ ವಿದ್ಯಾರ್ಥಿ ಅದರಲ್ಲಿನ ಅಕ್ಷರಗಳನ್ನು ಅಳತೆಗಳೆಂದೇ ನಂಬಿಬಿಡುತ್ತಾನೆ, ನಾನು ನಂಬಿದ್ದೆ. ಶ್ವಾರ್ಜ್‌ಶೀಲ್ಡ್‌ನ ಆರ್ ಎಂಬುದು ಕೇಂದ್ರದಿಂದ ಅಳೆದ ದೂರವಲ್ಲ, ವೃತ್ತದ ಪರಿಧಿಯನ್ನು ಎರಡು ಪೈನಿಂದ ಭಾಗಿಸಿದಾಗ ಬರುವ ಸಂಖ್ಯೆ ಎಂಬುದು ನನಗೆ ತಿಳಿಯುವಷ್ಟರಲ್ಲಿ ಒಂದು ಸೆಮಿಸ್ಟರ್ ಕಳೆದುಹೋಗಿತ್ತು. ನಿರ್ದೇಶಾಂಕಗಳಿಗೆ ತಾವಾಗಿಯೇ ಭೌತಿಕ ಅರ್ಥವಿರಬೇಕಿಲ್ಲ ಎಂಬ ಈ ಮಾತು ಐನ್‌ಸ್ಟೀನರಿಗೂ ಸುಲಭವಾಗಿ ದಕ್ಕಿದ್ದಲ್ಲ. ಸಮಾನತಾ ತತ್ವ ಅವರಿಗೆ ಹೊಳೆದದ್ದು 1907ರಲ್ಲಿ. 1912ರಲ್ಲಿ ಗೆಳೆಯ ಮಾರ್ಸೆಲ್ ಗ್ರಾಸ್‌ಮನ್‌ರಿಂದ ರೀಮನ್ನರ ಜ್ಯಾಮಿತಿಯ ನೆರವು ಪಡೆದ ಮೇಲೂ ಸರಿಯಾದ ಸಮೀಕರಣ ಕೈಗೆ ಬಂದದ್ದು 1915ರ ನವೆಂಬರಿನಲ್ಲಿ. ಆದ್ದರಿಂದ ಮೂರು ತಿಂಗಳಿಗೆ ನಿಂತೆನೆಂದು ಬೇಸರ ಬೇಡ. ಕ್ಷೇತ್ರ ಸಮೀಕರಣಗಳನ್ನು ತೀರ ಮುಂದಕ್ಕೆ ಹಾಕುವುದೂ ಬೇಡ.

ಧಾರವಾಡದ ವಿದ್ಯಾರ್ಥಿ:
ಸರ್, ಬಾಣದ ಲೆಕ್ಕವನ್ನು ಎರಡು ಬಗೆಯಲ್ಲಿ ಮಾಡಿದೆ. ಕ್ರಿಸ್ಟೊಫೆಲ್ ಸಂಕೇತಗಳನ್ನಿಟ್ಟು ಸಮೀಕರಣ ಬಿಡಿಸಿದರೆ ಬಾಣ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುಮಾರು 96 ಡಿಗ್ರಿ ತಿರುಗುತ್ತದೆ. ಪೂರ್ವವನ್ನು ದಾಟಿ ಸ್ವಲ್ಪ ದಕ್ಷಿಣಕ್ಕೆ ವಾಲುತ್ತದೆ. ಆದರೆ ಅಕ್ಷಾಂಶದಿಂದ ಉತ್ತರ ಧ್ರುವದವರೆಗಿನ ಗೋಳದ ಭಾಗದ ಕ್ಷೇತ್ರಫಲವನ್ನು ತ್ರಿಜ್ಯದ ವರ್ಗದಿಂದ ಭಾಗಿಸಿದರೆ 264 ಡಿಗ್ರಿ ಬರುತ್ತದೆ, ಅದೂ ವಿರುದ್ಧ ದಿಕ್ಕಿಗೆ. ಎಲ್ಲಿ ತಪ್ಪಿದೆನೋ ಎರಡು ರಾತ್ರಿ ಹುಡುಕಿದೆ.

ಗದಗಿನ ಅಧ್ಯಾಪಕ:
ಎಲ್ಲಿಯೂ ತಪ್ಪಿಲ್ಲ. 96ನ್ನೂ 264ನ್ನೂ ಕೂಡಿಸಿ ನೋಡಿ, 360, ಅಂದರೆ ಪೂರ್ತಿ ಒಂದು ಸುತ್ತು. ಎರಡರಲ್ಲೂ ಬಾಣದ ಮುಖ ಒಂದೇ ಕಡೆಗಿದೆ. ಮೊದಲನೆಯದರಲ್ಲಿ ಸಂಕೇತಗಳನ್ನು ಬಳಸಿದಿರಿ, ಎರಡನೆಯದರಲ್ಲಿ ವಕ್ರತೆಯನ್ನು ಕ್ಷೇತ್ರಫಲದ ಮೇಲೆ ಕೂಡಿಸಿದಿರಿ. ಕೋವೇರಿಯಂಟ್ ಡೆರಿವೇಟಿವ್‌ಗೂ ವಕ್ರತೆಯನ್ನು ಅಳೆಯುವ ರೀಮನ್ ಟೆನ್ಸರಿಗೂ ಇರುವ ನಂಟು ಇದೇ. ಧಾರವಾಡದಲ್ಲಿ ಭೂಮಿಯ ತಿರುಗುವಿಕೆಯನ್ನು ತೋರಿಸುವ ಫೂಕೋ ಲೋಲಕವನ್ನು ತೂಗುಬಿಟ್ಟರೆ ಅದರ ತೂಗಾಟದ ಸಮತಲವೂ ದಿನಕ್ಕೆ ಇದೇ 96 ಡಿಗ್ರಿಯಷ್ಟು ತಿರುಗುತ್ತದೆ. ಇನ್ನು ಶ್ವಾರ್ಜ್‌ಶೀಲ್ಡ್ ಕಕ್ಷೆಗಳನ್ನು ಆರಂಭಿಸಿ.