ಮೇಸ್ತ್ರಿಗೆ ಕೇಳಿ: ಅಂಗಳದಲ್ಲಿ ಫೈರ್ ಪಿಟ್ ಕಟ್ಟೋದು ಹೇಗೆ?

ಪ್ರಶ್ನೆ (ಮೂಡಿಗೆರೆ ಕಡೆಯ ಸದಸ್ಯೆ):
ಮೇಸ್ತ್ರಿಗಳೇ, ನಮಸ್ಕಾರ. ನಮ್ಮದು ಎಸ್ಟೇಟ್ ಮನೆ. ಮೂರು ರೂಮು ಹೋಮ್‌ಸ್ಟೇಗೆ ಬಿಟ್ಟಿದ್ದೇವೆ. ಬಂದವರೆಲ್ಲ ಮೊದಲು ಕೇಳೋದೇ ಕ್ಯಾಂಪ್ ಫೈರ್ ಇದೆಯಾ ಅಂತ. ಹೋದ ವರ್ಷ ಅಂಗಳದಲ್ಲಿ ಎರಡಡಿ ಗುಂಡಿ ತೆಗೆಸಿ, ಹೊಳೆಯಿಂದ ನುಣ್ಣನೆ ಗುಂಡುಕಲ್ಲು ತಂದು ಸುತ್ತ ಜೋಡಿಸಿ ಸಿಮೆಂಟ್ ಗಾರೆ ಹಾಕಿಸಿದ್ದೆವು. ನೋಡೋಕೆ ಚೆನ್ನಾಗಿತ್ತು. ಎರಡನೇ ಸಲ ಬೆಂಕಿ ಹಾಕಿದಾಗ ಒಂದು ಕಲ್ಲು ಪಟಾಕಿ ಥರ ಸಿಡಿಯಿತು. ಚೂರು ಹಾರಿ ಒಂದು ಮಗುವಿನ ಶಾಲಿನ ಮೇಲೆ ಬಿತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಮಳೆಗಾಲದಲ್ಲಿ ಗುಂಡಿ ತುಂಬ ನೀರು ನಿಂತಿತ್ತು. ಈಗ ನೋಡಿದರೆ ಗಾರೆಯೂ ಕೈಯಲ್ಲಿ ಪುಡಿಪುಡಿ. ಈ ಸಲ ಸರಿಯಾಗಿ ಕಟ್ಟಿಸಬೇಕು. ಯಾವ ಕಲ್ಲು, ಎಷ್ಟು ಅಗಲ, ಮನೆಯಿಂದ ಎಷ್ಟು ದೂರ?

ಮೇಸ್ತ್ರಿ:
ಅಕ್ಕ, ಮೊದಲು ಆ ಗುಂಡುಕಲ್ಲುಗಳನ್ನು ಅಲ್ಲಿಂದ ತೆಗೆಸಿ. ಹೂವಿನ ಪಾತಿಗೆ ಹಾಕಿ, ದಾರಿ ಬದಿಗೆ ಹಾಕಿ, ಬೆಂಕಿ ಹತ್ತಿರ ಮಾತ್ರ ಬೇಡ. ವರ್ಷಗಟ್ಟಲೆ ನೀರಲ್ಲಿ ಬಿದ್ದಿದ್ದ ಕಲ್ಲು ಅದು. ಮೇಲೆ ಒಣಗಿದ ಹಾಗೆ ಕಂಡರೂ ಒಳಗಿನ ಸಣ್ಣ ಬಿರುಕಲ್ಲಿ ನೀರು ಉಳಿದಿರುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಹೊರಗೆ ಬರೋಕೆ ದಾರಿ ಇಲ್ಲದಿದ್ದರೆ ಕಲ್ಲನ್ನೇ ಒಡೆದುಕೊಂಡು ಬರುತ್ತದೆ. ನಿಮ್ಮಲ್ಲಿ ಆಗಿದ್ದು ಅದೇ.

ನಾನು 20 ವರ್ಷದಿಂದ ಒಲೆ, ಚಿಮಣಿ, ಫೈರ್ ಪಿಟ್ ಕಟ್ಟುತ್ತಿದ್ದೇನೆ. ಮಲೆನಾಡಲ್ಲಿ ಹಾಳಾದ ಫೈರ್ ಪಿಟ್ ನೋಡೋಕೆ ಕರೆದಾಗಲೆಲ್ಲ ಹೆಚ್ಚಾಗಿ ಕಂಡಿದ್ದು ಬೆಂಕಿಯಿಂದ ಕೆಟ್ಟಿದ್ದಲ್ಲ, ನೀರಿಂದ ಕೆಟ್ಟಿದ್ದು. ಬೆಂಕಿ ಹಾಕೋದು ವರ್ಷದಲ್ಲಿ ನಾಲ್ಕೈದು ತಿಂಗಳು. ಮಳೆ ಅದರ ಮೇಲೆ ಸುರಿಯೋದೂ ಅಷ್ಟೇ ತಿಂಗಳು, ಹಗಲು ರಾತ್ರಿ. ಹಾಗಾಗಿ ನಿಮ್ಮ ಕಡೆ ಗುಂಡಿ ತೋಡಲೇ ಬೇಡಿ. ನೆಲದ ಮೇಲೆ ಎಬ್ಬಿಸಿ ಕಟ್ಟೋಣ.

ಗಾರೆ ಪುಡಿಯಾಗಿದ್ದೂ ನೀರಿನ ಕಥೆಯೇ. ಮಾಮೂಲಿ ಸಿಮೆಂಟು 400 ಡಿಗ್ರಿ ದಾಟಿದರೆ ಒಳಗಿನ ಕಟ್ಟು ಬಿಡುತ್ತದೆ. ಕೆಂಡದ ಪಕ್ಕ ಅಷ್ಟು ಶಾಖ ಸುಲಭವಾಗಿ ಬರುತ್ತದೆ. ಆಗ ಅದರಲ್ಲಿ ಸುಟ್ಟ ಸುಣ್ಣದ ಅಂಶ ಉಳಿಯುತ್ತದೆ. ಮುಂದಿನ ಮಳೆಗೆ ಆ ಸುಣ್ಣ ನೀರು ಕುಡಿದು ಉಬ್ಬುತ್ತದೆ, ಗಾರೆ ಉದುರುತ್ತದೆ. ಮೇಸ್ತ್ರಿ ಗಾರೆ ಚೆನ್ನಾಗಿ ಕಲಸಿಲ್ಲ ಅಂತ ಬೈಯ್ಯಬೇಡಿ. ಎಷ್ಟು ಚೆನ್ನಾಗಿ ಕಲಸಿದರೂ ಅದು ಆ ಜಾಗಕ್ಕೆ ಆಗೋ ವಸ್ತು ಅಲ್ಲ.

ಅದೇ ಸದಸ್ಯೆ:
ಹಾಗಾದರೆ ಸೈಜುಗಲ್ಲು? ನಮ್ಮಲ್ಲಿ ಒಂದು ಲೋಡ್ ಬಿದ್ದಿದೆ. ಇಲ್ಲಾಂದ್ರೆ ಕೆಂಪುಕಲ್ಲು?

ಮೇಸ್ತ್ರಿ:
ಸೈಜುಗಲ್ಲು ಹೊರಗಡೆ ಗೋಡೆಗೆ ಹಾಕಿ, ಬಹಳ ಚೆನ್ನಾಗಿರುತ್ತದೆ. ಬೆಂಕಿ ತಾಗುವ ಒಳಮೈಗೆ ಬೇಡ. ಹಿಂದೆ ಬೆಂಗಳೂರು ಸುತ್ತಮುತ್ತ ಕಲ್ಲುಕುಟಿಗರು ಬಂಡೆ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ನಿಧಾನಕ್ಕೆ ಮುಂದೆ ಸರಿಸುತ್ತಾ ದೊಡ್ಡ ದೊಡ್ಡ ಚಪ್ಪಡಿ ಎಬ್ಬಿಸುತ್ತಿದ್ದರು. ಮದ್ದು ಇಲ್ಲ, ಯಂತ್ರ ಇಲ್ಲ, ಬರೀ ಬೆಂಕಿ. ಬಂಡೆಯನ್ನೇ ಸೀಳೋ ಶಾಖಕ್ಕೆ ಸೈಜುಗಲ್ಲು ಯಾವ ಲೆಕ್ಕ? ಮೇಲ್ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೆಂಪುಕಲ್ಲಂತೂ ಮೈಯೆಲ್ಲ ತೂತು, ನೀರು ಹೀರಿಕೊಂಡು ಕೂತಿರುತ್ತದೆ. ಅದೂ ಬೇಡ.

ಒಳಗೆ ಫೈರ್ ಬ್ರಿಕ್, ಅಂದರೆ ಶಾಖ ತಡೆಯೋ ಇಟ್ಟಿಗೆ. ಅಳತೆ 9 × 4.5 × 3 ಇಂಚು. ಸೌದೆ ಬೆಂಕಿಗೆ ಐಎಸ್ (ಭಾರತೀಯ ಮಾನಕ) 6 ದರ್ಜೆ ಸಾಕು. ಅಂಗಡಿಯಲ್ಲಿ ಐಎಸ್ 8 ಮಾತ್ರ ಇದ್ದರೆ ಅದನ್ನೇ ತನ್ನಿ, ಇನ್ನೂ ಒಳ್ಳೆಯದು. ಅಂಗಡಿಯವರು ಜೊತೆಗೆ ಫೈರ್ ಕ್ಲೇ ಕೊಡುತ್ತಾರೆ. ಇಲ್ಲೊಂದು ವಿಷಯ ಗಮನಿಸಿ. ಬರೀ ಫೈರ್ ಕ್ಲೇ ಅಂದರೆ ಮಣ್ಣು, ಅಷ್ಟೇ. ಫ್ಯಾಕ್ಟರಿ ಕುಲುಮೆಯ ಶಾಖಕ್ಕೆ ಅದು ಸುಟ್ಟು ಗಟ್ಟಿಯಾಗುತ್ತದೆ, ಅಂಗಳದ ಬೆಂಕಿಗೆ ಆಗೋದಿಲ್ಲ. ಮೊದಲ ಮಳೆಗೆ ತೊಳೆದುಕೊಂಡು ಹೋಗುತ್ತದೆ. ಅದಕ್ಕೆ ಹೈ ಅಲ್ಯೂಮಿನಾ ಸಿಮೆಂಟ್, ಅಂದರೆ ಶಾಖ ತಡೆಯೋ ಸಿಮೆಂಟ್ ಸೇರಿಸಬೇಕು. ಪ್ರಮಾಣ ಚೀಲದ ಮೇಲೆ ಬರೆದಿರುತ್ತದೆ. ಅದು ಬೇಗ ಬಿಗಿಯುತ್ತದೆ, ಆದ್ದರಿಂದ ಒಂದೊಂದು ಬಾಣಲೆಯಷ್ಟೇ ಕಲಸಿ.

ಕಟ್ಟುವ ಕ್ರಮ ಹೇಳುತ್ತೇನೆ, ನಿಮ್ಮ ಮೇಸ್ತ್ರಿಗೆ ತೋರಿಸಿ. ಮಧ್ಯೆ ಒಂದು ಗೂಟ ಹೊಡೆದು, ನೂಲು ಕಟ್ಟಿ ವೃತ್ತ ಎಳೆಯಿರಿ. ಒಳಗಿನ ಅಡ್ಡಳತೆ 3 ಅಡಿ. ಅದಕ್ಕಿಂತ ಸಣ್ಣದಾದರೆ ಸೌದೆ ಹೊರಗೆ ಚಾಚುತ್ತದೆ, ದೊಡ್ಡದಾದರೆ ಕೂತವರಿಗೆ ಬಿಸಿ ತಲುಪೋದಿಲ್ಲ, ಸೌದೆ ಮಾತ್ರ ಜಾಸ್ತಿ ಸುಡುತ್ತದೆ. ಇಡೀ ಜಾಗದಲ್ಲಿ ಮೇಲ್ಮಣ್ಣು ತೆಗೆದು 6 ಇಂಚು ಜಲ್ಲಿ ತುಂಬಿ ದಮ್ಮಸ್ಸು ಮಾಡಿ. ತಳಕ್ಕೆ ಕಾಂಕ್ರೀಟ್ ಹಾಕಬೇಡಿ. ಹಾಕಿದರೆ ಅದೊಂದು ನೀರಿನ ತೊಟ್ಟಿ ಆಗುತ್ತದೆ. ಗೋಡೆ ನಿಲ್ಲುವ ಕಡೆ ಮಾತ್ರ ಬಳೆ ಥರ ಒಂದು ಕಾಂಕ್ರೀಟ್ ಬೆಡ್ ಹಾಕಿದರೆ ಸಾಕು.

ಫೈರ್ ಬ್ರಿಕ್ಕನ್ನು ಮಲಗಿಸಬೇಡಿ, ನಿಲ್ಲಿಸಿ. ನಾಲ್ಕೂವರೆ ಇಂಚಿನ ಮುಖ ಒಳಗೆ ಬರಲಿ. ಹಾಗೆ ಇಟ್ಟರೆ ವೃತ್ತ ಚೆನ್ನಾಗಿ ತಿರುಗುತ್ತದೆ. ಒಂದು ವರಸೆಗೆ ಸುಮಾರು 24 ಇಟ್ಟಿಗೆ, ಎರಡು ವರಸೆಗೆ 18 ಇಂಚು ಎತ್ತರ. ಒಡೆಯೋದಕ್ಕೂ ಸೇರಿಸಿ 55 ತರಿಸಿ. ಒಳಮೈಯಲ್ಲಿ ಸಂದು ಆದಷ್ಟು ಸಣ್ಣದಿರಲಿ. ಹೊರಗಡೆ ಅದೇ ಸಂದು ಮುಕ್ಕಾಲರಿಂದ ಒಂದು ಇಂಚು ಬಾಯಿ ಬಿಡುತ್ತದೆ. ಅಲ್ಲಿಗೆ ಒಡೆದ ಫೈರ್ ಬ್ರಿಕ್ ಚೂರು ಸೇರಿಸಿ ಅದೇ ಗಾರೆ ತುಂಬಿ. ಕೆಳಗಿನ ವರಸೆಯಲ್ಲಿ ಒಂದು ಇಟ್ಟಿಗೆ ಕಡಿಮೆ ಇಟ್ಟು, ಉಳಿದ ಜಾಗವನ್ನು ನಾಲ್ಕು ಕಡೆ ಹಂಚಿ ಗಾಳಿಗೆ ಸೀಳು ಬಿಡಿ.

ಇದರ ಸುತ್ತ ಒಂದು ಇಂಚು ಖಾಲಿ ಬಿಟ್ಟು ನಿಮ್ಮ ಸೈಜುಗಲ್ಲಿನ ಗೋಡೆ. ಇದಕ್ಕೆ ಮಾಮೂಲಿ ಸಿಮೆಂಟ್ ಗಾರೆ ಸಾಕು. ಬುಡದಲ್ಲಿ ನಾಲ್ಕು ಕಡೆ 2 ಇಂಚಿನ ತೂತು ಬಿಡಿ. ಮಳೆಗಾಲದಲ್ಲಿ ಅಲ್ಲಿಂದ ನೀರು ಹೊರಗೆ ಹೋಗುತ್ತದೆ. ಚಳಿಗಾಲದಲ್ಲಿ ಅಲ್ಲಿಂದಲೇ ಗಾಳಿ ಒಳಗೆ ಬಂದು, ಒಳಗಿನ ಸೀಳುಗಳ ಮೂಲಕ ಬೆಂಕಿಯ ಬುಡ ಸೇರುತ್ತದೆ. ಗಾಳಿ ಸರಿಯಾಗಿ ಸಿಕ್ಕರೆ ಅರ್ಧ ಹೊಗೆ ಕಡಿಮೆ. ಖಾಲಿ ಜಾಗ ಇರೋದರಿಂದ ಒಳಗಿನ ಗೋಡೆ ಬಿಸಿಗೆ ಹಿಗ್ಗಿದರೂ ಹೊರಗಿನದನ್ನು ತಳ್ಳೋದಿಲ್ಲ. ಒಳಗೆ ತಳಕ್ಕೆ 4 ಇಂಚು ಒಣ ಜಲ್ಲಿ ಹರಡಿ, ಸೀಳುಗಳು ಮುಚ್ಚದ ಹಾಗೆ ಅಂಚಲ್ಲಿ ಸ್ವಲ್ಪ ತಗ್ಗಿಸಿ.

ಜಾಗದ ವಿಷಯ. ಗೋಡೆ, ಸೂರು, ಬೇಲಿ, ಸೌದೆ ರಾಶಿ, ಯಾವುದರಿಂದಲೂ 15 ಅಡಿ ದೂರ ಇರಲಿ ಅಂತ ನಾನು ಹೇಳುತ್ತೇನೆ. ಜಾಗ ಇದ್ದರೆ 25 ಅಡಿ ಬಿಡಿ. ಮೇಲೆ ಕೊಂಬೆ ಇರಬಾರದು. ನಿಮ್ಮಲ್ಲಿ ಸಿಲ್ವರ್ ಓಕ್ ಮೇಲೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ, ಅಲ್ವಾ? ಬಿಸಿ ಹೊಗೆ ದಿನಾ ತಾಗಿದರೆ ಬಳ್ಳಿ ಹೋಗುತ್ತದೆ. ಕುರ್ಚಿಗಳು ಕಟ್ಟೆಯ ಹೊರ ಅಂಚಿಂದ 3 ಅಡಿ ಹಿಂದೆ. ಕಟ್ಟೆ ಸುತ್ತ 6 ಅಡಿ ಜಲ್ಲಿ ಹಾಸಿ. ಅಲ್ಲಿ ತರಗೆಲೆ ಬಿದ್ದರೆ ಸಂಜೆ ಗುಡಿಸಲೇಬೇಕು.

ಮತ್ತೊಬ್ಬ ಸದಸ್ಯರು (ಬೆಂಗಳೂರು):
ಸರ್, ನಮ್ಮದು ಮೂರನೇ ಮಹಡಿ ತಾರಸಿ. ಇದೇ ಥರ ಅಲ್ಲಿ ಕಟ್ಟಬಹುದಾ?

ಮೇಸ್ತ್ರಿ:
ಬೇಡ ಸರ್. ಭಾರ ಒಂದು ಕಡೆ, ಬಿಸಿಗೆ ವಾಟರ್‌ಪ್ರೂಫಿಂಗ್ ಹಾಳಾಗೋದು ಇನ್ನೊಂದು ಕಡೆ. ತೀರಾ ಆಸೆ ಇದ್ದರೆ ಕಾಲಿರುವ ದಪ್ಪ ತಗಡಿನ ಬಾಣಲೆ ತನ್ನಿ. ಅದರ ಕೆಳಗೆ ಮಲಗಿಸಿದ ಇಟ್ಟಿಗೆ ಎರಡು ವರಸೆ, ಮಧ್ಯೆ ಗಾಳಿ ಆಡಬೇಕು. ಪಕ್ಕದ ಮನೆಯ ಬಟ್ಟೆ ಹಗ್ಗ, ಕೇಬಲ್, ನೀರಿನ ಟ್ಯಾಂಕ್ ಎಲ್ಲ ದೂರ ಇರಬೇಕು. ಅಪಾರ್ಟ್‌ಮೆಂಟ್ ಆದರೆ ಸುಮ್ನೆ ಬಿಟ್ಟುಬಿಡಿ.

ಮತ್ತೊಬ್ಬ ಸದಸ್ಯೆ (ಸಕಲೇಶಪುರ):
ಗ್ಯಾಸ್ ಫೈರ್ ಪಿಟ್ ಹೇಗೆ ಅಣ್ಣ? ಸೌದೆ ರಗಳೆ ಇಲ್ಲ, ಹೊಗೆ ಇಲ್ಲ ಅಂತ ನಮ್ಮ ಮನೆಯವರು ಹೇಳ್ತಿದ್ದಾರೆ.

ಮೇಸ್ತ್ರಿ:
ಹೊಗೆ ಇಲ್ಲ ಅನ್ನೋದು ನಿಜ ತಂಗಿ. ಆದರೆ ಅಡುಗೆ ಗ್ಯಾಸು ಗಾಳಿಗಿಂತ ಭಾರ. ಉರಿ ಆರಿ ಗ್ಯಾಸು ಬರುತ್ತಲೇ ಇದ್ದರೆ ಅದು ಮೇಲೆ ಹೋಗಿ ಚದುರೋದಿಲ್ಲ, ಗುಂಡಿಯಲ್ಲೇ ನೀರಿನ ಹಾಗೆ ತುಂಬಿಕೊಳ್ಳುತ್ತದೆ. ಯಾರೋ ಬಂದು ಲೈಟರ್ ಗೀರಿದರೆ ಮುಗಿಯಿತು. ಅದಕ್ಕೆ ತಳದಲ್ಲಿ ಎರಡು ಎದುರುಬದುರು ಕಿಂಡಿ ಇರಲೇಬೇಕು. ಉರಿ ಆರಿದ ತಕ್ಷಣ ಗ್ಯಾಸ್ ತಾನೇ ನಿಲ್ಲುವ ಸೇಫ್ಟಿ ವಾಲ್ವ್ ಇರುವ ಬರ್ನರನ್ನೇ ತನ್ನಿ. ಇನ್ನೊಂದು, ಮನೆಯ 14.2 ಕೆ.ಜಿ. ಸಿಲಿಂಡರನ್ನು ಹೋಮ್‌ಸ್ಟೇ ವ್ಯವಹಾರಕ್ಕೆ ಬಳಸೋ ಹಾಗಿಲ್ಲ, 19 ಕೆ.ಜಿ.ಯ ಕಮರ್ಷಿಯಲ್ ಬೇಕು.

ಮತ್ತೊಬ್ಬ ಸದಸ್ಯರು (ಕ್ಯಾಲಿಫೋರ್ನಿಯಾ):
ಇದಕ್ಕೆ ನನ್ನದೂ ಒಂದು ಮಾತು. ನಾವಿರುವ ಬೇ ಏರಿಯಾದಲ್ಲಿ ಗಾಳಿ ಕೆಟ್ಟಿದೆ ಅಂತ ‘ಸ್ಪೇರ್ ದಿ ಏರ್’ ಎಚ್ಚರಿಕೆ ಕೊಟ್ಟ ದಿನ ಸೌದೆ ಉರಿಸೋ ಹಾಗಿಲ್ಲ, ಮನೆ ಒಳಗೂ ಇಲ್ಲ, ಹಿತ್ತಲಲ್ಲೂ ಇಲ್ಲ. ಗ್ಯಾಸಿಗೆ ಈ ನಿಷೇಧ ಇಲ್ಲ. ಹಾಗಾಗಿ ನಾವು ಗ್ಯಾಸಿಂದೇ ಹಾಕಿಸಿದೆವು. ಈ ಕಡೆ ಇರೋ ಕನ್ನಡದವರು ಕಟ್ಟಿಸುವ ಮೊದಲು ನಿಮ್ಮ ಊರಿನ ನಿಯಮ ನೋಡಿಕೊಳ್ಳಿ.

ಮತ್ತೊಬ್ಬ ಸದಸ್ಯರು (ಮಡಿಕೇರಿ):
ನಮ್ಮದು ಹಳೇ ಬಂಗಲೆ. ಜಗಲಿಯ ಹೊರಗೆ ಚಿಮಣಿ ಇರುವ ಅಗ್ಗಿಷ್ಟಿಕೆ ಹೊಸದಾಗಿ ಕಟ್ಟಿಸಿದ್ದೇವೆ. ಒಳಗಿರುವ ಹಳೇದು ಚೆನ್ನಾಗಿ ಎಳೆಯುತ್ತದೆ. ಹೊರಗಿನದು ಹೊಗೆಯೆಲ್ಲ ಮುಖಕ್ಕೇ ಉಗುಳುತ್ತದೆ. ಬಾಯಿ 4 ಅಡಿ ಅಗಲ, 3 ಅಡಿ ಎತ್ತರ. ಚಿಮಣಿ ಒಳಗೆ 9 ಇಂಚು ಚೌಕ.

ಮೇಸ್ತ್ರಿ:
ಅಳತೆ ಕೊಟ್ಟಿದ್ದು ಒಳ್ಳೆಯದಾಯಿತು ಸರ್, ತಪ್ಪು ಅಲ್ಲೇ ಇದೆ. ಬಾಯಿ 12 ಚದರಡಿ ಅಂದರೆ 1,728 ಚದರ ಇಂಚು. ಚಿಮಣಿ ಒಳಗಿನ ಜಾಗ ಅದರ ಹತ್ತರಲ್ಲಿ ಒಂದು ಪಾಲಾದರೂ ಇರಬೇಕು, ಅಂದರೆ 170ಕ್ಕೂ ಹೆಚ್ಚು. ನಿಮ್ಮದು 81. ಅರ್ಧವೂ ಇಲ್ಲ. ಚಿಮಣಿ ಒಡೆಯೋ ಮೊದಲು ಬಾಯಿ ಕಡಿಮೆ ಮಾಡಿ ನೋಡಿ. ಒಂದು ತಗಡನ್ನು ಮೇಲಿಂದ ಅಡ್ಡ ಹಿಡಿದು, ಹೊಗೆ ನಿಲ್ಲುವ ತನಕ ಇಂಚಿಂಚೇ ಕೆಳಗೆ ಇಳಿಸಿ. ಎಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿ. ತುಂಬಾ ಕೆಳಗೆ ಬಂದರೆ ಪಕ್ಕದಿಂದಲೂ ಇಟ್ಟಿಗೆ ಕಟ್ಟಿ ಬಾಯಿ ಕಿರಿದು ಮಾಡಬೇಕು, ಇಲ್ಲವೇ ಚಿಮಣಿ 14 ಇಂಚು ಚೌಕಕ್ಕೆ ಬದಲಾಯಿಸಬೇಕು. ಪಕ್ಕದ ಗೋಡೆಗಳು ನೇರ ಇದ್ದರೆ ಒಳಗೆ ಓರೆ ಮಾಡಿಸಿ. 1790ರ ದಶಕದಲ್ಲಿ ಕೌಂಟ್ ರಮ್‌ಫೋರ್ಡ್ ಎಂಬ ವಿಜ್ಞಾನಿ ಲಂಡನ್ನಿನ ಅಗ್ಗಿಷ್ಟಿಕೆಗಳಿಗೆ ಮಾಡಿದ ಬದಲಾವಣೆ ಇದೇ: ಆಳ ಕಡಿಮೆ, ಪಕ್ಕ ಓರೆ, ಗಂಟಲು ಸಣ್ಣ. ಹೊಗೆ ಮೇಲೆ, ಬಿಸಿ ಮುಂದೆ.

ಮೂಡಿಗೆರೆಯ ಸದಸ್ಯೆ:
ಮೇಸ್ತ್ರಿಗಳೇ, ಸೌದೆ ಬಗ್ಗೆ ಹೇಳಲಿಲ್ಲ. ಇನ್ನೊಂದು ಪ್ರಶ್ನೆ. ಚಳಿ ಜಾಸ್ತಿ ಇದ್ದಾಗ ಕೆಲವರು ಉಳಿದ ಕೆಂಡವನ್ನು ಬಾಣಲೆಯಲ್ಲಿ ಹಾಕಿ ರೂಮಿಗೆ ಕೊಡಿ ಅಂತ ಕೇಳುತ್ತಾರೆ. ನಮ್ಮ ಅಜ್ಜಿ ಕಾಲದಲ್ಲಿ ಇಡುತ್ತಿದ್ದರು.

ಮೇಸ್ತ್ರಿ:
ಎರಡನೆಯದಕ್ಕೆ ಮೊದಲು ಉತ್ತರ. ಕೊಡಬೇಡಿ ಅಕ್ಕ. ಯಾರು ಎಷ್ಟು ಕೇಳಿದರೂ ಕೊಡಬೇಡಿ. ಹೊಗೆ ಇಲ್ಲದ ಕೆಂಡವೇ ಜಾಸ್ತಿ ಅಪಾಯ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿರುವವರಿಗೆ ಗೊತ್ತೇ ಆಗೋದಿಲ್ಲ. ಅಜ್ಜಿ ಕಾಲದ ಮನೆಗೆ ನಾಡಹೆಂಚು, ಹೆಂಚಿನ ಸಂದಲ್ಲೆಲ್ಲ ಗಾಳಿ. ನಿಮ್ಮ ರೂಮಿಗೆ ಆರ್‌ಸಿಸಿ ಮೇಲ್ಛಾವಣಿ, ಗಾಜಿನ ಕಿಟಕಿ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ. ಹೆಚ್ಚಿಗೆ ರಗ್ಗು ಕೊಡಿ, ಬಿಸಿನೀರಿನ ಚೀಲ ಕೊಡಿ. ಕೆಂಡ ಹೊಸ್ತಿಲು ದಾಟಬಾರದು.

ಸೌದೆಗೆ ಕಿತ್ತ ಕಾಫಿ ಗಿಡದ ಬೊಡ್ಡೆಗಿಂತ ಒಳ್ಳೆಯದು ನಾನು ಕಂಡಿಲ್ಲ. ಗಟ್ಟಿ, ನಿಧಾನಕ್ಕೆ ಉರಿಯುತ್ತದೆ, ಕೆಂಡ ನಿಲ್ಲುತ್ತದೆ. ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ, ಹೊತ್ತಿಸೋದಕ್ಕೆ ಇಟ್ಟುಕೊಳ್ಳಿ. ಯಾವುದಾದರೂ ಸರಿ, ಸೀಳಿ ಸೂರಿನ ಕೆಳಗೆ ಆರು ತಿಂಗಳು ಒಣಗಿಸಿ. ಎರಡು ತುಂಡು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು. ದಪ್ ಅಂದರೆ ಇನ್ನೂ ಹಸಿ. ಗಣ್ಣು ಸೀಳದ ಬಿದಿರು ಹಾಕಬೇಡಿ, ಅದೂ ಸಿಡಿಯುತ್ತದೆ. ಹೊಳಗೇರು ಮರ ನಿಮ್ಮ ಆಳುಗಳಿಗೆ ಗೊತ್ತಿರುತ್ತದೆ, ಅದರ ಸೊನೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಅದರ ಹೊಗೆಯೂ ಬೇಡ. ಪ್ಲೈವುಡ್, ಪೇಂಟ್ ಬಳಿದ ಬಾಗಿಲು ಚೂರು, ಪ್ಲಾಸ್ಟಿಕ್, ಯಾವುದೂ ಬೇಡ. ಆರುತ್ತಿರುವ ಬೆಂಕಿಗೆ ಪೆಟ್ರೋಲ್, ಸೀಮೆಎಣ್ಣೆ ಸುರಿಯೋಕೆ ಯಾರಿಗೂ ಬಿಡಬೇಡಿ.

ಫೆಬ್ರವರಿಯಿಂದ ಮುಂಗಾರು ಪೂರ್ವದ ಮಳೆ ಬೀಳೋ ತನಕ, ಗಾಳಿ ಇದ್ದ ದಿನ ಬೆಂಕಿ ಬೇಡ. ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಮೀಸಲು ಅರಣ್ಯದ ಒಳಗೆ ಬೆಂಕಿ ಹಾಕೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ನಿಮ್ಮ ಬೇಲಿ ಅರಣ್ಯಕ್ಕೆ ತಾಗಿದ್ದರೆ ಆ ಮೂಲೆಯಿಂದ ಆದಷ್ಟು ದೂರ ಕಟ್ಟಿಸಿ.

ಮೂಡಿಗೆರೆಯ ಸದಸ್ಯೆ:
ಎಲ್ಲಾ ಬರೆದಿಟ್ಟುಕೊಂಡೆ. ಕಟ್ಟಿದ ಮೇಲೆ ಎಷ್ಟು ದಿನ ಬಿಡಬೇಕು?

ಮೇಸ್ತ್ರಿ:
ಹೊರಗೋಡೆಗೆ ಏಳು ದಿನ ನೀರು ಹಾಕಿ. ಆಮೇಲೆ ಎರಡು ಮೂರು ವಾರ ಸುಮ್ಮನೆ ಒಣಗಲಿ. ಮೊದಲ ಬೆಂಕಿ ಒಂದು ಹಿಡಿ ಪುಳ್ಳೆಯಷ್ಟೇ, ಅರ್ಧ ಗಂಟೆ. ಮಾರನೇ ದಿನ ಸ್ವಲ್ಪ ಜಾಸ್ತಿ. ಹೀಗೆ ನಾಲ್ಕೈದು ದಿನ. ಒಳಗಿನ ನೀರು ನಿಧಾನಕ್ಕೆ ಹೊರಗೆ ಬರಬೇಕು. ಮೊದಲ ದಿನವೇ ಬೊಡ್ಡೆ ಪೇರಿಸಿದರೆ ಹೊಸ ಇಟ್ಟಿಗೆಯೂ ಬಿರಿಯುತ್ತದೆ. ಕಾದ ಇಟ್ಟಿಗೆಗೆ ತಣ್ಣೀರು ಎರಚಬೇಡಿ. ಕೆಂಡ ಹರಡಿ ತಾನಾಗಿ ಆರೋಕೆ ಬಿಡಿ, ಆರುವ ತನಕ ಒಬ್ಬರು ಅಲ್ಲಿರಬೇಕು. ನೀರಿನ ಎರಡು ಬಕೆಟ್, ಮರಳಿನ ಒಂದು ಬಕೆಟ್ ಪಕ್ಕದಲ್ಲಿರಲಿ, ಅದು ಕಿಡಿ ಆಚೆ ಹಾರಿದರೆ ಬೇಕಾಗುತ್ತದೆ. ಬೂದಿ ತೆಗೆಯೋದು ಎರಡು ದಿನ ಬಿಟ್ಟು, ಅದೂ ಮುಚ್ಚಳ ಇರುವ ಕಬ್ಬಿಣದ ಡಬ್ಬಕ್ಕೆ. ಮಳೆಗಾಲಕ್ಕೆ ಮೇಲೆ ತಗಡಿನ ಮುಚ್ಚಳ ಮಾಡಿಸಿ, ನಡು ಎತ್ತರ ಇರಲಿ, ನೀರು ಜಾರಿ ಹೋಗಬೇಕು. ಜೂನಲ್ಲಿ ಮುಚ್ಚಿದರೆ ಅಕ್ಟೋಬರ್‌ನಲ್ಲಿ ತೆಗೆದು, ಮತ್ತೆ ಮೂರು ದಿನ ಸಣ್ಣ ಬೆಂಕಿಯಿಂದ ಶುರು ಮಾಡಿ.

ಗೂಟ ಹೊಡೆದು ನೂಲು ಎಳೆದ ಮೇಲೆ, ಮೇಲ್ಮಣ್ಣು ತೆಗೆಯೋ ಮೊದಲು, ಸೂರು ಮತ್ತು ಮರ ಎರಡೂ ಕಾಣೋ ಹಾಗೆ ಒಂದು ಫೋಟೋ ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.